ನಡೆದದ್ದನ್ನೇ ಬರೆಯುವ ಬಗೆ: ಕುಪ್ಪಗಡ್ಡೆ ಸೀಮೆಯ ಕಲ್ಲು, ಕಾನು ಮತ್ತು ಕಥನ

ಸೊರಬ ತಾಲ್ಲೂಕಿನಲ್ಲಿ ಅಲೆದಾಡಿದವರಿಗೆ ವೀರಗಲ್ಲು ಹೊಸದಲ್ಲ. ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ, ಕೆಲವೊಮ್ಮೆ ಗದ್ದೆಯ ಅಂಚಿನಲ್ಲಿ ಅರ್ಧ ಹೂತುಹೋಗಿ ಅವು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ದನಗಳ ಸಾಲು, ಬಿಲ್ಲು ಹಿಡಿದು ಬಂದವರು, ಅವರಿಗೆ ಎದುರಾಗಿ ನಿಂತ ಒಬ್ಬ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿದ್ದಾನೆ. ಪಟ್ಟಿಕೆಗಳ ನಡುವಿನ ದಂಡೆಯಲ್ಲಿ ಬರಹವಿದ್ದರೆ ಅದು ಶಕವರ್ಷವನ್ನೂ ಆಳುತ್ತಿದ್ದ ಅರಸನನ್ನೂ ಊರನ್ನೂ ಸತ್ತವನ ಹೆಸರನ್ನೂ ಸತ್ತ ಕಾರಣವನ್ನೂ ಹೇಳುತ್ತದೆ. ತುರುಗಳನ್ನು ಹಿಡಿಯಬಂದವರೊಡನೆ ಕಾದಿ ಸತ್ತವರು, ಊರಳಿವಿನಲ್ಲಿ ಸತ್ತವರು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವರು. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟದಲ್ಲಿ ಸೊರಬ ತಾಲ್ಲೂಕೊಂದರದೇ ಐನೂರಕ್ಕೂ ಹೆಚ್ಚು ಶಾಸನಗಳಿವೆ; ಅವುಗಳಲ್ಲಿ ವೀರಗಲ್ಲುಗಳ ಪಾಲು ದೊಡ್ಡದು.

ನಿಜ ಸಂಗತಿಯನ್ನು ಕಥೆಯ ಸೊಗಸಿನಿಂದ ಹೇಳಬಯಸುವವರಿಗೆ ಈ ಕಲ್ಲಿಗಿಂತ ಒಳ್ಳೆಯ ಮೊದಲ ಪಾಠ ಸಿಗಲಾರದು. ಕೆಳಗಿನ ಪಟ್ಟಿಕೆ ಊರವರು ಕಂಡದ್ದು. ಮೇಲಿನ ಎರಡು ಊರವರು ನಂಬಿದ್ದು. ಎರಡೂ ಒಂದೇ ಕಲ್ಲಿನಲ್ಲಿವೆ, ಒಂದೇ ಉಳಿಯಿಂದ ಮೂಡಿವೆ. ಆದರೆ ನಡುವೆ ದಂಡೆಯಿದೆ. ಕಲ್ಲುಕುಟಿಗನು ಅದನ್ನು ಅಳಿಸಿಲ್ಲ. ಕಂಡದ್ದೆಷ್ಟು, ಕಲ್ಪಿಸಿದ್ದೆಷ್ಟು ಎಂಬುದು ನೋಡುವವನಿಗೆ ತಿಳಿಯದೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ‘ಕ್ರಿಯೇಟಿವ್ ನಾನ್‌ಫಿಕ್ಷನ್’ ಎಂದು ಕರೆಸಿಕೊಳ್ಳುವ ಬರವಣಿಗೆಯ ಕುಶಲತೆಯೆಲ್ಲ ಈ ದಂಡೆಯನ್ನು ಎಲ್ಲಿ, ಹೇಗೆ ಇರಿಸಬೇಕು ಎಂಬುದರಲ್ಲಿದೆ.

ಈ ಲೇಖನದ ಅನುಕೂಲಕ್ಕೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸೊರಬ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲೊಂದಾದ ಕುಪ್ಪಗಡ್ಡೆಯ ಕಡೆಯಿಂದ ಬಂದ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜನ ಕುರಿತು ಬರೆಯಬೇಕೆಂದಿದ್ದಾಳೆ. ಅಜ್ಜ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮಂಗನ ಕಾಯಿಲೆಯಿಂದ ತೀರಿಕೊಂಡವನು. ಅವಳು ಅವನನ್ನು ಕಂಡಿಲ್ಲ. ಅಜ್ಜಿಯ ಮಾತು, ಗೋಡೆಯ ಮೇಲಿನ ಒಂದು ಫೋಟೊ, ಜಮೀನಿನ ಕಾಗದಗಳು, ಇಷ್ಟೇ ಕೈಯಲ್ಲಿರುವುದು. ಕೊನೆಯ ರಾತ್ರಿ ಅಜ್ಜ ಏನೆಂದನೆಂಬುದು ಯಾರಿಗೂ ನೆನಪಿಲ್ಲ. ಅಲ್ಲಿ ಒಂದು ಮಾತನ್ನು ಸೇರಿಸಿಬಿಟ್ಟರೆ ಬರಹ ಓದುಗರ ಕಣ್ಣಲ್ಲಿ ನೀರು ತರಿಸುತ್ತದೆಂದು ಅವಳಿಗೆ ಗೊತ್ತಿದೆ. ಸೇರಿಸಬಹುದೆ?

ಹೆಸರಿನ ಗೊಂದಲ

ಈ ಪ್ರಕಾರಕ್ಕೆ ಕನ್ನಡದಲ್ಲಿ ಒಪ್ಪಿತವಾದ ಹೆಸರಿಲ್ಲ. ಕಥೆ, ಕಾದಂಬರಿ, ಕವಿತೆ, ನಾಟಕಗಳನ್ನು ‘ಸೃಜನಶೀಲ’ವೆಂದೂ ಉಳಿದುದನ್ನೆಲ್ಲ ‘ಸೃಜನೇತರ’ವೆಂದೂ ನಮ್ಮ ವಿಮರ್ಶೆ ಬಹುಕಾಲದಿಂದ ವಿಂಗಡಿಸಿಕೊಂಡು ಬಂದಿದೆ. ಆ ಲೆಕ್ಕದಲ್ಲಿ ಇದನ್ನು ‘ಸೃಜನಶೀಲ ಸೃಜನೇತರ’ ಎನ್ನಬೇಕಾಗುತ್ತದೆ! ಹಾಗೆಂದು ಸರಕೇ ಇಲ್ಲವೆಂದಲ್ಲ. ಲಲಿತ ಪ್ರಬಂಧ, ವ್ಯಕ್ತಿಚಿತ್ರ, ಪ್ರವಾಸ ಕಥನ, ಆತ್ಮಕಥೆ, ನುಡಿಚಿತ್ರ ಎಂಬ ಬೇರೆ ಬೇರೆ ಕೋಣೆಗಳಲ್ಲಿ ಅದು ಹಂಚಿಹೋಗಿದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಇವೆಲ್ಲ ಕಳೆದ ಶತಮಾನದ ಮೊದಲ ನಾಲ್ಕು ದಶಕಗಳೊಳಗೇ ಬಂದವು. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳು ಆಮೇಲಿನವು.

ಅಮೆರಿಕದಲ್ಲಿ ಈ ಬರವಣಿಗೆ ಒಂದು ಶಾಸ್ತ್ರದ ರೂಪ ಪಡೆದದ್ದು ತೀರ ಈಚೆಗೆ. ಟಾಮ್ ವೂಲ್ಫ್ 1973ರಲ್ಲಿ ‘ನ್ಯೂ ಜರ್ನಲಿಸಂ’ ಎಂಬ ಸಂಕಲನವನ್ನು ಹೊರತಂದು, ಕಾದಂಬರಿಕಾರರಿಂದ ವರದಿಗಾರರು ಎರವಲು ಪಡೆಯಬೇಕಾದ ನಾಲ್ಕು ಉಪಾಯಗಳನ್ನು ಹೆಸರಿಸಿದರು: ದೃಶ್ಯದ ಮೇಲೆ ದೃಶ್ಯ ಕಟ್ಟುವುದು, ಸಂಭಾಷಣೆಯನ್ನು ಪೂರ್ಣವಾಗಿ ಕೊಡುವುದು, ಒಬ್ಬ ಪಾತ್ರಧಾರಿಯ ಕಣ್ಣಿನಿಂದ ನೋಡುವುದು, ಜನರ ಅಂತಸ್ತು ಮತ್ತು ಬದುಕಿನ ರೀತಿಯನ್ನು ಸೂಚಿಸುವ ಸಣ್ಣ ಸಣ್ಣ ವಿವರಗಳನ್ನು ದಾಖಲಿಸುವುದು. ಲೀ ಗಟ್‌ಕಿಂಡ್ 1993ರಲ್ಲಿ ‘ಕ್ರಿಯೇಟಿವ್ ನಾನ್‌ಫಿಕ್ಷನ್’ ಎಂಬ ಹೆಸರಿನ ಪತ್ರಿಕೆಯನ್ನೇ ಆರಂಭಿಸಿದರು. ಹೆಸರು ಹೊಸದು, ಕಸುಬು ಹಳೆಯದು.

ಎಷ್ಟು ಹಳೆಯದೆಂದು ತಿಳಿಯಲು ಕುಪ್ಪಗಡ್ಡೆಯಿಂದ ಪಕ್ಕದ ಶಿಕಾರಿಪುರ ತಾಲ್ಲೂಕಿಗೆ ಹೋದರೆ ಸಾಕು. ತಾಳಗುಂದದ ಪ್ರಣವೇಶ್ವರ ದೇವಾಲಯದೆದುರಿನ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ, ಅಂದರೆ ಸುಮಾರು ಐದನೆಯ ಶತಮಾನದ, ಸಂಸ್ಕೃತ ಶಾಸನವಿದೆ. ಬರೆದ ಕವಿ ಕುಬ್ಜ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾದದ್ದು, ಆ ಸಿಟ್ಟಿನಲ್ಲಿ ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿದದ್ದು ಎಲ್ಲ ಅಲ್ಲಿದೆ. ಒಂದು ರಾಜವಂಶದ ಉಗಮವನ್ನು ಹೇಳಲು ಕುಬ್ಜನು ಒಂದು ಜಗಳವನ್ನು ಆರಿಸಿಕೊಂಡ. ದೃಶ್ಯ ಆರಿಸುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಡ.

ಆದರೆ ಕುಬ್ಜನಿಗೂ ಮಯೂರನಿಗೂ ನಡುವೆ ಸುಮಾರು ನೂರು ವರ್ಷಗಳ ಅಂತರವಿತ್ತು. ಆ ಜಗಳದ ಹೊತ್ತಿನಲ್ಲಿ ಮಯೂರನ ಮನಸ್ಸಿನಲ್ಲಿ ಏನೇನು ಹೊಯ್ದಾಡಿತೆಂಬುದನ್ನೂ ಅವನು ಬರೆದಿದ್ದಾನೆ. ಆಸ್ಥಾನ ಕವಿಗೆ ಅದು ಸಲ್ಲುತ್ತಿತ್ತು. ಅರಸನ ಮೊಮ್ಮಕ್ಕಳ ಕಾಲದಲ್ಲಿ ಅರಸನನ್ನು ಹೊಗಳಿ ಬರೆಯುವವನನ್ನು ಕೇಳುವವರಾರು? ಇಂದಿನ ಬರಹಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ದೃಶ್ಯ ಆರಿಸುವುದನ್ನು ಕುಬ್ಜನಿಂದ ಕಲಿಯಬೇಕು. ದಂಡೆ ಕೊರೆಯುವುದನ್ನು ವೀರಗಲ್ಲಿನ ಹೆಸರಿಲ್ಲದ ಕಲ್ಲುಕುಟಿಗನಿಂದ ಕಲಿಯಬೇಕು.

ಕ್ಯಾಸನೂರಿನ ಕಾನು

ನಮ್ಮ ವಿದ್ಯಾರ್ಥಿನಿಯ ಬರಹಕ್ಕೆ ಹಿಂತಿರುಗೋಣ. ಅಜ್ಜನನ್ನು ಕೊಂದ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲಿರುವ ಹೆಸರು ಅವಳ ತಾಲ್ಲೂಕಿನದೇ: ಕ್ಯಾಸನೂರು ಅರಣ್ಯ ಕಾಯಿಲೆ. 1957ರ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತುಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಹೀಗೆ ಸಾಯುವುದು ಹಳದಿ ಜ್ವರದಿಂದ. ಆ ರೋಗ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯದಿಂದ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನಗಳು ಸೇರಿ 1952ರಲ್ಲಿ ಸ್ಥಾಪಿಸಿದ್ದ ಆ ಕೇಂದ್ರದ ಮುಖ್ಯಸ್ಥರಾಗಿದ್ದವರು ಟೆಲ್‌ಫೋರ್ಡ್ ವರ್ಕ್. ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳ ಮಿದುಳುಜ್ವರದ ವೈರಾಣುವಿಗೆ ಹತ್ತಿರದ ಬಂಧುವಾದ, ಅಲ್ಲಿಯವರೆಗೆ ಯಾರೂ ಕಂಡಿರದ ವೈರಾಣು. ಅದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಬೇಸಿಗೆ ಮುಗಿಯುವವರೆಗೆ ಅದರ ಮರಿಗಳು ತರಗೆಲೆಗಳ ನಡುವೆ ಹೆಚ್ಚು. ಸೌದೆಗೆ, ಸೊಪ್ಪಿಗೆ, ತರಗಿಗೆ, ದನ ಮೇಯಿಸಲಿಕ್ಕೆ ಕಾಡಿಗೆ ಹೋಗುವವರೇ ಅದಕ್ಕೆ ಮೊದಲು ಸಿಗುವವರು.

ಕಾಯಿಲೆ ಆಮೇಲೆ ಮಲೆನಾಡಿನ ಬೇರೆ ಜಿಲ್ಲೆಗಳಿಗೂ ಕೇರಳ, ಗೋವಾಗಳಿಗೂ ಹಬ್ಬಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುದ್ದಿಯಾದದ್ದು ಇದರಿಂದಲೇ.

ಈ ಸಂಗತಿಗಳು ಗ್ರಂಥಾಲಯದಲ್ಲಿ ಸಿಗುತ್ತವೆ. ಹೊಸ ಬರಹಗಾರರು ಇಲ್ಲಿ ಎರಡು ಬಗೆಯ ತಪ್ಪು ಮಾಡುತ್ತಾರೆ. ಕೆಲವರು ಇದಿಷ್ಟನ್ನೂ ಮೊದಲ ಪುಟದಲ್ಲೇ ಸುರಿದುಬಿಡುತ್ತಾರೆ. ಅಜ್ಜ ಬರುವ ಹೊತ್ತಿಗೆ ಓದುಗ ಎದ್ದುಹೋಗಿರುತ್ತಾನೆ. ಇನ್ನು ಕೆಲವರು ಇದನ್ನೆಲ್ಲ ಒಣ ಮಾಹಿತಿಯೆಂದು ಬಿಟ್ಟು, ಮಂಜು, ಮಳೆ, ಮೌನ ಎಂದು ನಾಲ್ಕು ಪುಟ ಬರೆಯುತ್ತಾರೆ. ಎರಡನೆಯ ಗುಂಪೇ ನಮ್ಮಲ್ಲಿ ದೊಡ್ಡದು ಎಂಬುದು ಈ ಲೇಖಕನ ಅನುಭವ. ಮಲೆನಾಡಿನವರು ಬರೆಯಲು ಕುಳಿತರೆಂದರೆ ಮಳೆ ನಿಲ್ಲುವುದೇ ಇಲ್ಲ. ಮಂಗನ ಕಾಯಿಲೆಯಾದರೋ ಒಣ ಹವೆಯ ಕಾಯಿಲೆ. ಅಜ್ಜನ ಸಾವನ್ನು ಮಳೆಯಲ್ಲಿ ಬರೆದರೆ ಅಲ್ಲಿಗೇ ಬರಹ ಸುಳ್ಳಾಯಿತು.

ಮಾಹಿತಿಯೂ ಭಾವವೂ ಒಂದೇ ವಿವರದಲ್ಲಿ ಕೂಡುವ ಜಾಗ ಹುಡುಕಬೇಕು. ಹಳ್ಳಿಗರಿಗೆ ಕಾನಿನಲ್ಲಿ ಮಂಗ ಸತ್ತು ಬಿದ್ದಿರುವುದು ಒಂದು ಸೂಚನೆ. ಪುಣೆಯಿಂದ ಬಂದವರಿಗೂ ಅದೇ ಸೂಚನೆ. ಸತ್ತ ಒಂದು ಮಂಗದಿಂದ ಬರಹ ಆರಂಭವಾದರೆ ಅಜ್ಜಿಯ ಲೋಕವೂ ಪ್ರಯೋಗಾಲಯದ ಲೋಕವೂ ಒಟ್ಟಿಗೆ ಒಳಗೆ ಬರುತ್ತವೆ. ಜಾನ್ ಹರ್ಸಿ ಹಿರೋಶಿಮಾ ಕುರಿತು ಬರೆದಾಗ ಬಳಸಿದ್ದು ಇಂಥದೇ ಉಪಾಯ. ಬದುಕುಳಿದ ಆರು ಜನರನ್ನು ಆರಿಸಿಕೊಂಡು, ಬಾಂಬು ಸಿಡಿದ ಕ್ಷಣದಲ್ಲಿ ಒಬ್ಬೊಬ್ಬರೂ ಏನು ಮಾಡುತ್ತಿದ್ದರೆಂಬಲ್ಲಿಂದ ಆರಂಭಿಸಿದರು. ‘ನ್ಯೂಯಾರ್ಕರ್’ ಪತ್ರಿಕೆ 1946ರ ಆಗಸ್ಟ್ 31ರ ಸಂಚಿಕೆಯನ್ನು ಇಡಿಯಾಗಿ ಆ ಒಂದು ಬರಹಕ್ಕೆ ಮೀಸಲಿಟ್ಟಿತು. ಅದರಲ್ಲಿ ಗದ್ಗದ ಕಂಠದ ವಾಕ್ಯ ಹುಡುಕಿದರೂ ಸಿಗುವುದಿಲ್ಲ.

ಸಾಮಗ್ರಿ ಎಲ್ಲೆಲ್ಲಿಂದ ಬರಬಹುದೆಂಬುದಕ್ಕೆ ಒಂದು ಮಾತು. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲೇ ಜಂಟಿ ವರದಿ ಬರೆದಿದ್ದಾರೆ. ಜಿಲ್ಲಾ ಗೆಜೆಟಿಯರುಗಳಿವೆ. ಮನೆಯ ಪಹಣಿ, ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಪಂಚಾಂಗದ ಅಂಚಿನಲ್ಲಿ ಗೀಚಿಟ್ಟ ಲೆಕ್ಕ, ಆಸ್ಪತ್ರೆಯ ಚೀಟಿ, ಮದುವೆಯ ಕರೆಯೋಲೆ, ಇವೆಲ್ಲವೂ ದಾಖಲೆಗಳೇ. ಸೊರಬ, ಸಾಗರದ ದೀವರ ಮನೆಗಳಲ್ಲಿ ಗೋಡೆಯ ಮೇಲಿನ ಹಸೆ ಚಿತ್ತಾರವೂ ಭೂಮಿ ಹುಣ್ಣಿಮೆಗೆ ಬರೆಯುವ ಬುಟ್ಟಿಯೂ ಒಂದು ಬಗೆಯ ದಾಖಲೆ. ಟಾಮ್ ವೂಲ್ಫ್ ಹೇಳಿದ ನಾಲ್ಕನೆಯ ಉಪಾಯಕ್ಕೆ ಬೇಕಾದದ್ದು ಇಂಥ ವಿವರಗಳು. ‘ಗೋಡೆಯ ಮೇಲೆ ಚಿತ್ರವಿತ್ತು’ ಎಂದು ಬರೆದವನು ಆ ಮನೆಗೆ ಹೋಗಿಲ್ಲವೆಂದೇ ಓದುಗ ತಿಳಿಯುತ್ತಾನೆ.

‘ಅಂತೆ’ಯ ಬಲ

ದಂಡೆ ಕೊರೆಯುವ ಕೆಲಸಕ್ಕೆ ಕನ್ನಡ ಭಾಷೆ ಒಂದು ಅಪೂರ್ವ ಉಪಕರಣವನ್ನು ಕೊಟ್ಟಿದೆ. ಅದು ‘ಅಂತೆ’.

‘ಅಜ್ಜ ಕಾನಿಗೆ ಹೋದ’ ಎಂದರೆ ಹೇಳುವವನು ಹೊಣೆ ಹೊತ್ತಿದ್ದಾನೆ. ‘ಅಜ್ಜ ಕಾನಿಗೆ ಹೋದನಂತೆ’ ಎಂದರೆ ಕೇಳಿ ಹೇಳುತ್ತಿದ್ದಾನೆ. ‘ಹೋಗಿರಬೇಕು’ ಎಂದರೆ ಊಹಿಸುತ್ತಿದ್ದಾನೆ. ‘ಹೋಗಿದ್ದಿರಬಹುದು’ ಎಂದರೆ ಊಹೆಯೂ ಗಟ್ಟಿಯಿಲ್ಲ. ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ವ್ಯತ್ಯಾಸವನ್ನು ಇಂಗ್ಲಿಷಿನವರು ಬೇರೆ ಪದಪುಂಜ ಹಾಕಿ ತೋರಿಸಬೇಕು; ನಮ್ಮಲ್ಲಿ ಕ್ರಿಯಾಪದದ ಬಾಲವೇ ಅದನ್ನು ಮಾಡುತ್ತದೆ. ವಿಚಿತ್ರವೆಂದರೆ ಬರಹಕ್ಕೆ ಇಳಿದ ಕೂಡಲೇ ನಾವು ಮೊದಲು ಕತ್ತರಿಸುವುದು ಈ ಬಾಲವನ್ನೇ. ಪುಟದ ತುಂಬ ‘ಅಂತೆ’ ಬಂದರೆ ಗಾಳಿಸುದ್ದಿಯಂತೆ ಕಾಣುತ್ತದೆಂಬ ಅಂಜಿಕೆ. ಪುಟದ ತುಂಬ ಬೇಕಾಗಿಲ್ಲ, ನಿಜ. ಒಂದು ಭಾಗದ ಆರಂಭದಲ್ಲಿ ‘ಇಲ್ಲಿಂದ ಮುಂದಿನದು ಅಜ್ಜಿ ಹೇಳಿದ್ದು’ ಎಂಬ ಒಂದು ಸಾಲು ಬಂದರೆ ಅಲ್ಲಿ ದಂಡೆ ಮೂಡಿತು. ಆಮೇಲೆ ಸರಾಗವಾಗಿ ಕಥೆ ಹೇಳಬಹುದು.

ಸಂಭಾಷಣೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಉದ್ಧರಣ ಚಿಹ್ನೆಯೊಳಗೆ ಹಾಕಿದ ಮಾತು ಆಡಿದ ಮಾತೇ ಆಗಿರಬೇಕು. ಎರಡು ವರ್ಷದ ಮಗುವಾಗಿದ್ದಾಗ ಮನೆಯಲ್ಲಿ ನಡೆದ ಮಾತುಕತೆಯನ್ನು ನಾಟಕದ ಸಂಭಾಷಣೆಯಂತೆ ಎರಡು ಪುಟ ಬರೆಯುವ ಆತ್ಮಕಥೆಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಓದಲು ಸೊಗಸು, ನಂಬಲು ಕಷ್ಟ. ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದು ಮಾತು, ಒಂದು ಬೈಗುಳ, ಒಂದು ಅಡ್ಡಹೆಸರು. ಅದನ್ನು ಹಾಗೆಯೇ ಇಟ್ಟು ಉಳಿದುದನ್ನು ಸಾರವಾಗಿ ಹೇಳಿದರೆ ಆ ಒಂದು ಮಾತಿನ ತೂಕ ಹೆಚ್ಚುತ್ತದೆ. ಆಡುಮಾತನ್ನು ತಿದ್ದಬಾರದು. ಸೊರಬದ ಅಜ್ಜಿ ಬೆಂಗಳೂರಿನ ಕನ್ನಡದಲ್ಲಿ ಮಾತಾಡಿದರೆ ಆಕೆಯ ಊರನ್ನು ಬರಹಗಾರನೇ ಕಿತ್ತುಕೊಂಡಂತೆ.

ಕೊನೆಯ ರಾತ್ರಿ ಅಜ್ಜ ಏನೆಂದ? ಯಾರಿಗೂ ಗೊತ್ತಿಲ್ಲ. ಹಾಗೆಂದೇ ಬರೆಯಬೇಕು. ಅಜ್ಜಿಗೆ ಫೋಟೊದ ಗಾಜಿನ ಬಿರುಕು ನೆನಪಿದೆ, ಹೊರೆ ಇಳಿಸಿದ ಜಾಗ ನೆನಪಿದೆ, ಆ ಮಾತು ಮಾತ್ರ ನೆನಪಿಲ್ಲ ಎಂಬ ಸತ್ಯದಲ್ಲಿ ಎಷ್ಟು ದುಃಖವಿದೆಯೋ ಅಷ್ಟನ್ನು ಯಾವ ಕಲ್ಪಿತ ಕೊನೆಯ ಮಾತೂ ತರಲಾರದು.

ಟ್ರೂಮನ್ ಕಪೋಟಿಯವರ ಉದಾಹರಣೆ ಎಲ್ಲ ಕಡೆ ಹೇಳುವಂಥದೇ ಆದರೂ ಇಲ್ಲಿ ಬಿಡುವಂತಿಲ್ಲ. ಕಾನ್ಸಾಸ್ ರಾಜ್ಯದ ಒಂದು ಕುಟುಂಬದ ಕೊಲೆಯನ್ನು ಕುರಿತ ಅವರ ‘ಇನ್ ಕೋಲ್ಡ್ ಬ್ಲಡ್’ 1965ರಲ್ಲಿ ಧಾರಾವಾಹಿಯಾಗಿಯೂ 1966ರಲ್ಲಿ ಪುಸ್ತಕವಾಗಿಯೂ ಬಂತು. ಪ್ರತಿಯೊಂದೂ ನಿಜವೆಂದು ಅವರು ಸಾರಿಕೊಂಡಿದ್ದರು. ಸ್ಮಶಾನದಲ್ಲಿ ನಡೆಯುವ ಕೊನೆಯ ದೃಶ್ಯ ಅವರೇ ಕಟ್ಟಿದ್ದೆಂಬುದು ಆಮೇಲೆ ಬಯಲಾಯಿತು. ಅಷ್ಟು ದೊಡ್ಡ ಪುಸ್ತಕದಲ್ಲಿ ಎರಡು ಪುಟ. ಆದರೆ ಅಂದಿನಿಂದ ಇಂದಿನವರೆಗೆ ಆ ಪುಸ್ತಕದ ಮಾತು ಬಂದಾಗಲೆಲ್ಲ ಆ ಎರಡು ಪುಟಗಳ ಮಾತೂ ಬರುತ್ತದೆ.

‘ನಾನು’ ಎಲ್ಲಿ ನಿಲ್ಲಬೇಕು

ಈ ಬರವಣಿಗೆಯಲ್ಲಿ ಬರೆಯುವವನೂ ಒಂದು ಪಾತ್ರ. ಅವನು ತೀರ ಮುಂದೆ ಬಂದರೆ ಅಜ್ಜ ಮರೆಯಾಗುತ್ತಾನೆ. ತೀರ ಹಿಂದೆ ಸರಿದರೆ ಬರಹ ಸರಕಾರಿ ವರದಿಯಾಗುತ್ತದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯ ಆರಂಭವನ್ನು ಕಲಿಯುವವರು ಮತ್ತೆ ಮತ್ತೆ ಓದಬೇಕು. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಹೊಲ ಉಳುತ್ತಿರುವುದನ್ನು ಒಬ್ಬ ಹುಡುಗ ಕಾಣುತ್ತಾನೆ. ಅವನಿಗೆ ಅದೊಂದು ಮೋಜು. ನೊಗ ಹೊತ್ತವರಲ್ಲೊಬ್ಬ ಅವನ ಅಪ್ಪ. ಲೇಖಕರು ಅಲ್ಲಿ ಜಾತಿ ವ್ಯವಸ್ಥೆಯ ಕ್ರೌರ್ಯದ ಬಗ್ಗೆ ಭಾಷಣ ಮಾಡುವುದಿಲ್ಲ. ಹುಡುಗನಿಗೆ ಅಂದು ತಿಳಿದದ್ದಷ್ಟೇ ಪುಟದ ಮೇಲಿದೆ. ಅವನಿಗೆ ತಿಳಿಯದ್ದು ಓದುಗನಿಗೆ ತಿಳಿಯುತ್ತದೆ.

ಇದಕ್ಕೆ ಪೂರ್ತಿ ಬೇರೆಯಾದ ದಾರಿಯೊಂದು ಸೊರಬ ತಾಲ್ಲೂಕಿನದೇ ಇನ್ನೊಂದು ಘಟನೆಯಿಂದ ಹುಟ್ಟಿತು. ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು 1986ರಲ್ಲಿ ದಲಿತ ಸಂಘಟನೆಯ ಕಾರ್ಯಕರ್ತರು ಮುಂದಾದಾಗ ಭಕ್ತರ ಗುಂಪು ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ತಿರುಗಿಬಿತ್ತು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಬಳಿಕ ಸರಕಾರ ಆ ಸೇವೆಯನ್ನು ನಿಷೇಧಿಸಿತು. ರಾಜ್ಯವೆಲ್ಲ ಪರ-ವಿರೋಧದ ಹೇಳಿಕೆಗಳಲ್ಲಿ ಮುಳುಗಿದ್ದ ಆ ಕಾಲದಲ್ಲಿ ಯು.ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಏಕೆ ಕೂಡದು ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿಕೊಂಡು ಪ್ರಬಂಧ ಬರೆದರು. ತೀರ್ಥಹಳ್ಳಿ ಸೀಮೆಯಲ್ಲಿ ಬೆಳೆದು ಇಂಗ್ಲಿಷ್ ಅಧ್ಯಾಪಕರಾದ ಅವರು ಅದರಲ್ಲಿ ತಮ್ಮ ಮನಸ್ಸಿನ ಒಡಕನ್ನೇ ವಸ್ತುವಾಗಿಸಿದರು. ತಾವು ಕೇಳಿದ ಒಂದು ಪ್ರಸಂಗ ಅಲ್ಲಿ ಬರುತ್ತದೆ: ಹಳ್ಳಿಯ ರೈತನೊಬ್ಬ ಕುಂಕುಮ ಹಚ್ಚಿ ಪೂಜಿಸುತ್ತಿದ್ದ ಕಲ್ಲನ್ನು ಚಿತ್ರಕಾರನೊಬ್ಬ ಬೆಳಕಿಗೆಂದು ಹೊರಗೆ ತಂದು ಫೋಟೊ ತೆಗೆಯುತ್ತಾನೆ, ಮೈಲಿಗೆಯಾಯಿತೇನೋ ಎಂದು ಅಳುಕುತ್ತಾನೆ, ರೈತ ಮಾತ್ರ ಬೇರೆ ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎನ್ನುತ್ತಾನೆ. ಅನಂತಮೂರ್ತಿಯವರ ನಿಲುವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಸೇವೆಗೆ ಒಳಗಾಗುತ್ತಿದ್ದ ಹೆಣ್ಣುಮಕ್ಕಳ ಅವಮಾನಕ್ಕಿಂತ ಲೇಖಕನ ಒಡಕು ದೊಡ್ಡದೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕಲಿಯುವವರು ಪ್ರಬಂಧವನ್ನೂ ಆಕ್ಷೇಪವನ್ನೂ ಒಟ್ಟಿಗೆ ಓದಬೇಕು. ‘ನಾನು’ ನಿಂತ ಜಾಗದಿಂದ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಎಂಬುದು ಆಗಲೇ ತಿಳಿಯುವುದು.

ಹಣೆಪಟ್ಟಿಯ ಕರಾರು

ಪೂರ್ಣಚಂದ್ರ ತೇಜಸ್ವಿಯವರ ನಾಯಿ ಕಿವಿ ‘ಕರ್ವಾಲೊ’ ಕಾದಂಬರಿಯಲ್ಲೂ ಇದೆ, ‘ಪರಿಸರದ ಕತೆ’ಯಲ್ಲೂ ಇದೆ. ಎರಡರಲ್ಲೂ ಕಥೆ ಹೇಳುವವರು ‘ನಾನು’. ಹಾರುವ ಓತಿ ನಿಜವಾಗಿ ಸಿಕ್ಕಿತ್ತೇ ಎಂದು ‘ಕರ್ವಾಲೊ’ ಓದಿದವರು ಕೇಳಬಹುದು. ಆದರೆ ಸಿಗಲಿಲ್ಲವೆಂದು ತಿಳಿದರೆ ಮೋಸವಾಯಿತೆನ್ನುವುದಿಲ್ಲ. ಹೊದಿಕೆಯ ಮೇಲೆ ಕಾದಂಬರಿ ಎಂದಿದೆ. ಅನುಭವ ಕಥನವೆಂದು ಕೈಗಿತ್ತ ಪುಸ್ತಕದಲ್ಲಿ ಅದೇ ಸ್ವಾತಂತ್ರ್ಯ ತೆಗೆದುಕೊಂಡರೆ ಓದುಗ ಸಿಟ್ಟಾಗುತ್ತಾನೆ, ಸಿಟ್ಟಾಗಬೇಕು. ಕಲ್ಪನೆ ಬೇಕೆನಿಸಿದರೆ ಅಜ್ಜನ ಕುರಿತು ಕಥೆ ಬರೆಯಲಿಕ್ಕೆ ಯಾರ ಅಡ್ಡಿಯೂ ಇಲ್ಲ. ಕಥೆ ಬರೆದು ಅದನ್ನು ನಿಜವೆಂದು ಮಾರುವುದು ಬೇರೆ.

ಇಬ್ಬರು ಮೂವರನ್ನು ಸೇರಿಸಿ ಒಂದೇ ಪಾತ್ರ ಮಾಡುವುದು, ಎರಡು ವರ್ಷದ ಘಟನೆಗಳನ್ನು ಒಂದು ಬೇಸಿಗೆಗೆ ಅಡಕಿಸುವುದು, ಹೆಸರು ಬದಲಿಸುವುದು ಇವೆಲ್ಲ ರೂಢಿಯಲ್ಲಿವೆ. ಹೆಸರು ಬದಲಿಸಿದ್ದನ್ನು ಓದುಗನಿಗೆ ಹೇಳಿದರೆ ಸಾಕು. ಉಳಿದೆರಡನ್ನು ಕಲಿಯುವ ಹಂತದಲ್ಲಿ ಮುಟ್ಟದಿರುವುದೇ ಲೇಸು.

ಬದುಕಿರುವವರ ಬಗ್ಗೆ ಬರೆಯುವಾಗ ಕಾನೂನೂ ಇದೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನಹಾನಿಗೆ ಸಂಬಂಧಿಸಿದ್ದು. ಹೇಳಿದ್ದು ನಿಜವೆಂಬುದೊಂದೇ ಅಲ್ಲಿ ರಕ್ಷಣೆಯಲ್ಲ. ಅದು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೂ ಆಗಿರಬೇಕು. ಹಳ್ಳಿಯಲ್ಲಿ ಅದಕ್ಕಿಂತ ಮೊದಲು ಬೇರೊಂದು ನ್ಯಾಯಾಲಯ ಕೂಡುತ್ತದೆ. ಅಜ್ಜನನ್ನು ಆಸ್ಪತ್ರೆಗೆ ಸೇರಿಸಲು ಯಾರು ಗಾಡಿ ಕೊಡಲಿಲ್ಲವೆಂದು ಬರೆದರೆ, ಆ ಮನೆಯವರು ಇಂದಿಗೂ ಪಕ್ಕದ ಗದ್ದೆಯವರು. ಬರೆಯಬಾರದೆಂದಲ್ಲ. ಬರೆಯುವ ಮೊದಲು ಆ ಮನೆಗೆ ಹೋಗಿ ಅವರ ಮಾತನ್ನೂ ಕೇಳಬೇಕು. ಗಾಡಿ ಇತ್ತು, ಅದರ ಗಾಲಿ ಮುರಿದಿತ್ತು ಎಂದು ಗೊತ್ತಾಗಬಹುದು, ಗೊತ್ತಾಗದೆಯೂ ಇರಬಹುದು.

ಎಲ್ಲಿ ಕಲಿಯುವುದು?

ಕನ್ನಡದಲ್ಲಿ ಈ ಕಸುಬು ಬಹುಮಟ್ಟಿಗೆ ತರಗತಿಯ ಹೊರಗೇ ಬೆಳೆದದ್ದು. ಭಾನುವ���ರದ ಪುರವಣಿಗಳು, ದೀಪಾವಳಿ ವಿಶೇಷಾಂಕಗಳು, ‘ಕಸ್ತೂರಿ’, ‘ಸುಧಾ’, ‘ತರಂಗ’ದಂಥ ಪತ್ರಿಕೆಗಳು ಅನೇಕರಿಗೆ ಶಾಲೆಯಾದವು. ಇದೇ ಜಿಲ್ಲೆಯ ಕೊನಗವಳ್ಳಿಯವರಾದ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ, ಅಲ್ಲಿಯವರೆಗೆ ಬರೆದೇ ಇರದವರಿಂದ ಬರೆಸಿತು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ರಂಗಭೂಮಿಗೆ ಹೆಸರಾದ ಸಂಸ್ಥೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದರ ಸಂಸ್ಕೃತಿ ಶಿಬಿರಗಳಲ್ಲಿ ಕುಳಿತು ನೋಡುವುದನ್ನೂ ಕೇಳುವುದನ್ನೂ ಕಲಿತವರು ಅನೇಕರು. ನೋಡುವುದು, ಕೇಳುವುದು ಬಂದರೆ ಅರ್ಧ ಕೆಲಸ ಮುಗಿದಂತೆ. ವರದಿಗಾರಿಕೆಯ ಮಾದರಿ ಬೇಕೆನ್ನುವವರು ಪಿ. ಸಾಯಿನಾಥರ 1996ರ ಪುಸ್ತಕವನ್ನು ಜಿ.ಎನ್. ಮೋಹನ್ ಅವರ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಅನುವಾದದಲ್ಲಿ ಓದಬಹುದು. ವಿಜ್ಞಾನವನ್ನು ಮನೆಮಾತಿನಲ್ಲಿ ಹೇಳುವ ಬಗೆಯನ್ನು ನಾಗೇಶ ಹೆಗಡೆಯವರಿಂದ ಕಲಿಯಬಹುದು. ಮಂಗನ ಕಾಯಿಲೆಯಂಥ ವಸ್ತುವಿಗೆ ಆ ಪಾಠ ಬೇಕೇ ಬೇಕು.

ಅಭ್ಯಾಸಕ್ಕೆ ದೊಡ್ಡ ಸಲಕರಣೆ ಬೇಡ. ಒಂದು ಪುಸ್ತಕ, ಒಂದು ಪೆನ್ನು, ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿಕೊಳ್ಳಲು ಒಂದು ಫೋನು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕಂಡದ್ದು ಕೇಳಿದ್ದನ್ನೂ ಬಲಕ್ಕೆ ತನಗನ್ನಿಸಿದ್ದನ್ನೂ ಬರೆಯುವ ಪದ್ಧತಿ ಒಳ್ಳೆಯದು. ಊರಿಗೆ ಹೋದ ದಿನವೇ ರಾತ್ರಿ ಬರೆದಿಡಬೇಕು. ಮೂರು ದಿನ ಬಿಟ್ಟರೆ ಬಲಗಡೆಯದು ಎಡಗಡೆಗೆ ನುಸುಳಿಬಿಡುತ್ತದೆ. ಒಬ್ಬರನ್ನೇ ಎರಡು ಸಲ, ಬೇರೆ ಬೇರೆ ದಿನ ಕೇಳಬೇಕು. ಮೊದಲ ಸಲ ಹಿರಿಯರು ಹೇಳುವುದು ಎಲ್ಲರಿಗೂ ಹೇಳಿ ರೂಢಿಯಾದ ಕಥೆ. ಎರಡನೆಯ ಸಲ, ಅಡಕೆ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಇರುವಾಗ, ಬೇರೆಯದು ಹೊರಬರುತ್ತದೆ.

ಬರೆದಾದ ಮೇಲೆ ಸಂಬಂಧಪಟ್ಟವರಿಗೆ ಓದಿ ಹೇಳಬೇಕೆ? ಪತ್ರಿಕೋದ್ಯಮದ ಹಳೆಯ ಗುರುಗಳು ಕೂಡದೆನ್ನುತ್ತಿದ್ದರು. ರಾಜಕಾರಣಿಯ ಬಗ್ಗೆ ಬರೆಯುವಾಗ ಅದು ಸರಿ. ಅಜ್ಜಿಯ ಬಗ್ಗೆ ಬರೆಯುವಾಗ ಸರಿಯಲ್ಲ. ಹೊಗಳಿಕೆ ತೆಗೆ, ಬೈಗುಳ ತೆಗೆ ಎಂದರೆ ತೆಗೆಯಬೇಕಾಗಿಲ್ಲ. ಸಂಗತಿ ತಪ್ಪೆಂದರೆ ತಿದ್ದಲೇಬೇಕು.

ನಮ್ಮ ಕಲ್ಪಿತ ವಿದ್ಯಾರ್ಥಿನಿ ತನ್ನ ಕರಡನ್ನು ಅಜ್ಜಿಗೆ ಓದಿ ಹೇಳಿದಳೆನ್ನಿ. ಅಜ್ಜಿ ಕೊನೆಯವರೆಗೂ ಸುಮ್ಮನೆ ಕೇಳಿ, ಒಂದೇ ಕಡೆ ತಡೆದಳು. ದನ ಕಾಯಲು ಅಜ್ಜ ಕಾನಿಗೆ ಹೋಗಿದ್ದ ಎಂದು ಬರೆದ ಕಡೆ. “ದನ ಕಾಯಕ್ಕಲ್ಲ ಮಗಾ, ತರಗು ತರಕ್ಕೆ ಹೋಗಿದ್ದು. ಅವತ್ತು ದನ ಬಿಟ್ಟೇ ಇರ್ಲಿಲ್ಲ.” ಮೊಮ್ಮಗಳು ಆ ಸಾಲನ್ನು ಹೊಡೆದುಹಾಕಿ, ತರಗಿನ ಹೊರೆಯನ್ನು ಅಜ್ಜನ ತಲೆಯ ಮೇಲಿರಿಸಿ ಮತ್ತೆ ಬರೆಯಬೇಕಾಯಿತು. ಉಣುಗು ಇರುವುದು ತರಗಿನಲ್ಲಿ.